ತುಟಿಯ ಐದಕ್ಷರ

ನಸುಕಿನ ಐದೂಕಾಲರ ಬಸ್ಸು.
ಲೌರಿಯ ತೊಡೆಯ ಮೇಲೆ ಗೆಥಿನ್, ಮೂರು ತುಂಬಿಲ್ಲ.
ಚೀಲದಲ್ಲಿ ಒಣಬಟ್ಟೆ, ಬಾಳೆಹಣ್ಣು, ಹಿಂದಿನ ಸಲದ ಚೀಟಿ.
ವೇಲ್ಸಿನ ಗುಡ್ಡಗಳು ಹಿಂದಕ್ಕೆ ಜಾರುತ್ತವೆ
ಕುರಿಗಳನ್ನು ಹೊತ್ತುಕೊಂಡೇ.
ಎಪ್ಪತ್ತು ಮೈಲಿ. ಎರಡು ಬಸ್ಸು, ಒಂದು ರೈಲು,
ಡೈರಿಯಲ್ಲಿ ಒಂದು ದಿನದ ಕೂಲಿ ಖೋತಾ.

ಊರಲ್ಲೇ ಇತ್ತಲ್ಲ ಆಸ್ಪತ್ರೆ, ಮಂಡಿಯ ಹಿಂದೆ.
ಇಡ್ವಲ್ ತಾತನ ತುಟಿ ಹೊಲಿದದ್ದು ಅಲ್ಲೇ.
ಹೊಲಿದವರು ಒಳ್ಳೆಯವರು. ಅದೇ ವಾರ
ಹರ್ನಿಯಾ ಎರಡು, ಟಾನ್ಸಿಲ್ ಮೂರು, ಮುರಿದ ಮೊಣಕಾಲೊಂದು.
ಸೀಳುತುಟಿಯ ಕೂಸು ಅವರ ಕೈಗೆ ಬರುತ್ತಿದ್ದುದು
ವರ್ಷಕ್ಕೊಂದೋ ಎರಡೋ.
ಕೈ ಕಲಿತದ್ದು ಅಷ್ಟರಲ್ಲಿ ಮರೆಯುತ್ತಿತ್ತು.

ನಮ್ಮ ಅಕ್ಷರಮಾಲೆಯಲ್ಲಿ ತುಟಿ ಸೇರಿದರೆ ಹುಟ್ಟುವವು ಐದು:
ಪ ಫ ಬ ಭ ಮ.
ಅಂಗುಳ ಕೂಡದವನಿಗೆ ಗಾಳಿಯೆಲ್ಲ ಮೂಗಿನ ಪಾಲು,
ಒಲಿಯುವುದು ಕೊನೆಯದೊಂದೇ.
ಆ ಸೀಮೆಯ ಮಾತಿನಲ್ಲಿ ರೊಟ್ಟಿಗೆ 'ಬಾರಾ'.
ಇಡ್ವಲ್ ಅಂಗಡಿಗೆ ಹೋಗಿ 'ಮಾರಾ' ಎಂದ.
ನಕ್ಕರು.
ಅರವತ್ತು ವರ್ಷ ಬೆರಳು ತೋರಿಸಿಯೇ ರೊಟ್ಟಿ ಕೊಂಡ.

ಆ ವಿಭಾಗ ಮುಚ್ಚುವ ಸುದ್ದಿ ಬಂದಾಗ
ವಿರೋಧದ ಕಾಗದಕ್ಕೆ ಮೊದಲ ಸಹಿ ಅವನದೇ.
ಸಭೆಯಲ್ಲಿ ಎದ್ದು ಮಾತಾಡಲಿಲ್ಲ;
ಸಹಿಗೆ ತುಟಿ ಬೇಕಿಲ್ಲ.

ದೂರದ ಊರು, ನಾಲ್ಕನೇ ಮಹಡಿ, ಒಂದೇ ಕೋಣೆ.
ಹೊಲಿದವಳು, ಕಿವಿಯವನು, ಹಲ್ಲಿನವಳು,
ಮಾತು ಕಲಿಸುವ ಮೆರೆರಿಡ್,
ಪುಟ್ಟ ಬಾಯಿಯೊಂದರ ಸುತ್ತ ಒಬ್ಬರನ್ನೊಬ್ಬರು ತಿದ್ದುತ್ತಾರೆ.
ಇಂಥವೇ ನೂರಾರು ಬಾಯಿ ಕಂಡವರು.
ಯಾರೋ ಲೌರಿಗೆ ಚಹಾ ಕೊಟ್ಟರು,
ಬಸ್ಸಿನ ದುಡ್ಡಿಗೆ ಅರ್ಜಿ ಕೊಟ್ಟರು, ನಾಲ್ಕು ಪುಟ.
ಪಕ್ಕದ ಕುರ್ಚಿ ಇವತ್ತೂ ಖಾಲಿ.
ಕರಾವಳಿಯ ಆ ಹುಡುಗಿ, ಅವಳಿ ಕೂಸುಗಳ ತಾಯಿ,
ಇದು ಮೂರನೇ ಸಲ ಬಂದಿಲ್ಲ.
ಅದನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೋ.

ಮೆರೆರಿಡ್ ಅಂಗೈ ಮೇಲೆ ಗರಿಯೊಂದನ್ನಿಟ್ಟು
ಹಾರಿಸು ಎಂದಳು. ಮೂಗಿನಿಂದಲ್ಲ ಕಂದಾ, ತುಟಿಯಿಂದ.

ಮನೆ ಸೇರಿದಾಗ ಕತ್ತಲು.
ರೊಟ್ಟಿ ಕೊಯ್ಯುತ್ತಿದ್ದ ತಾತನ ಮೊಣಕಾಲು ಹಿಡಿದು
ಮಗು ಅಂದಿತು: ಬಾರಾ.
ಚಾಕು ನಿಂತಿತು.
ಹಿಟ್ಟು ಮೆತ್ತಿದ ಅಂಗೈಯನ್ನು ಅದರ ಬಾಯ ಮುಂದೆ ಹಿಡಿದ.
ಇನ್ನೊಮ್ಮೆ.
ಚಿಟಿಕೆಯಷ್ಟು ಗಾಳಿ ಬಂದು ತಾಗಿತು.

ಮತ್ತೆ ಯಾವಾಗ, ಕೇಳಿದ, ಲೌರಿಯ ಕಡೆ ನೋಡದೆ.
ಹದಿನೇಳಕ್ಕೆ. ಅದೇ ಬಸ್ಸು.
'ನಾನೂ ಮರ್ತೀನಿ' ಎಂದ ಇಡ್ವಲ್.
ಮಗು ತಿದ್ದಿತು.