ಒಂದೂವರೆ ಡಬ್ಬಿ

ರಾತ್ರಿ ಬಟ್ಟೆಯಲ್ಲಿ ಒರೆಸಿ ಬಿಟ್ಟ ದೋಣಿಯಲ್ಲಿ
ಬೆಳಿಗ್ಗೆ ಎರಡು ಡಬ್ಬಿ ನೀರು.
ಪೇಂಟಿನ ಡಬ್ಬಿ, ಐದು ಲೀಟರಿನದು, ಬಾಯಿ ಕತ್ತರಿಸಿದ್ದು.
ಮಳೆಯ ಮೇಲೆ ಹಾಕೋಣವೆಂದರೆ ಮಾರ್ಚ್ ತಿಂಗಳು,
ಬೊಕ್ಕಪಟ್ಣದ ಮೇಲೆ ಒಂದು ಮೋಡವೂ ಸಾಕ್ಷಿಗಿಲ್ಲ.

ಮೊದಲು ನಾಲಿಗೆಗೆ ಹಚ್ಚಿ ನೋಡಿದೆ.
ಸಪ್ಪೆಯಾದರೆ ಮೇಲಿನದು, ಉಪ್ಪಾದರೆ ಕೆಳಗಿನದು
ಅಂತ ಹಸನಬ್ಬಾಕ ಹೇಳಿಕೊಟ್ಟಿದ್ದರು.
ಗುರುಪುರ ಹೊಳೆ ಇಲ್ಲಿ ಎರಡೂ ಅಲ್ಲ:
ಭರತಕ್ಕೊಂದು ರುಚಿ, ಇಳಿತಕ್ಕೊಂದು,
ನಡುವೆ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಮಣ್ಣಿನ ಒಗರು.
ನಾಲಿಗೆ ಏನನ್ನೂ ಒಪ್ಪಿಕೊಳ್ಳಲಿಲ್ಲ.

ನಾನು ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವವಳು.
ಪುಸ್ತಕದ ಬೆನ್ನು ಸವರಿದರೆ
ದಾರ ಎಲ್ಲಿ ಸಡಿಲವೆಂದು ಬೆರಳಿಗೇ ಗೊತ್ತು.
ಇಲ್ಲಿ ಹಲಗೆ ಹಲಗೆಯ ಸಂದಿಗೂ ಬೆರಳಿಟ್ಟೆ.
ಎಲ್ಲ ಕಡೆಯೂ ತೇವ,
ಎಲ್ಲವೂ ನಾನಲ್ಲ ಅನ್ನುವ ಮುಖ.

ದೋಣಿ ಲಾದ್ರು ಬಾಪ್ಪುವಿನದು. ದುಲ್ಸಿನ್ ಅಂತ ಹೆಸರು.
ಹಾಯಿಯದ್ದೇ ದೋಣಿ.
ಇಂಜಿನ್ ಕಟ್ಟಿಸಿಕೊಂಡವರನ್ನು ಕಂಡರೆ
ಬಾಪ್ಪು ನೀರಿಗೆ ಉಗಿಯುತ್ತಿದ್ದ, ಗಾಳಿ ನೋಡಿಕೊಂಡು.
ಈಗ ವೆನ್ಲಾಕಿನಲ್ಲಿ ಮಲಗಿದ್ದಾನೆ, ಹರ್ನಿಯಾ ಹೊಲಿಸಿಕೊಂಡು.

ಹಸನಬ್ಬಾಕ ಬಂದರು, ಕಿವಿಯ ಮೇಲೆ ಬೀಡಿ.
ಮೇಲೆಳೆದು ಒಣಗಿಸೋಣವಾ ಅಂದೆ.
"ಬೇಡ ಮೋಳೇ. ಈ ಬಿಸಿಲಿಗೆ ಹಲಗೆ ಬಿಗಿ ಬಿಡುತ್ತದೆ,
ಒಂದು ತೂತು ಹುಡುಕಲು ಹೋಗಿ ನೂರಾಗುತ್ತದೆ.
ಇದು ಒದ್ದೆಯಿದ್ದರೇ ಬಾಯಿ ಮುಚ್ಚಿಕೊಳ್ಳುವ ಜಾತಿ.
ಮತ್ತೆ, ನೀರು ಕಂಡ ಜಾಗಕ್ಕೆ ಬಯ್ಯಬೇಡ.
ಅದು ಅಲ್ಲಿಗೆ ನಡೆದು ಬಂದದ್ದು."

ದೋಣಿಯ ಹೊಟ್ಟೆಗೆಲ್ಲ ಬೂದಿ ಎರಚಿದರು,
ಮನೆಯ ಬಚ್ಚಲೊಲೆಯದು, ಜರಡಿ ಹಿಡಿದು ತಂದದ್ದು.
ಕೂತೆವು.
ಅಳಿವೆಯ ಕಡೆಯಿಂದ ಭರತ ಏರಿತು.
ತಣ್ಣೀರುಬಾವಿಯ ಫೆರಿ ಹೋಯಿತು, ಬಂತು, ಹೋಯಿತು.
ಸ್ಕೂಟರಿನವನೊಬ್ಬ ನಮ್ಮಿಬ್ಬರನ್ನೂ ನೋಡಿ
ಸತ್ತದ್ದು ಯಾರೆಂದು ಕೇಳಿದ.
ಫೆರಿ ಮತ್ತೆ ಬರುವಾಗ
ಬೂದಿಯಲ್ಲಿ ಸೂಜಿಯಷ್ಟು ಸಪೂರ ಒಂದು ಕಪ್ಪು ಗೆರೆ.

ನೀರು ತಂಗುವುದು ನಡುಮಧ್ಯ;
ಗೆರೆಯ ಬಾಲ ಹಿಡಿದು ಹಿಂದೆ ಹೋದರೆ
ಒಂದು ಪಕ್ಕೆಲುಬು ದಾಟಿ, ಇನ್ನೊಂದರ ಅಡಿ ನುಸಿದು,
ಚುಕ್ಕಾಣಿಯ ಹತ್ತಿರ, ಕೂರುವ ಹಲಗೆಯ ಕೆಳಗೆ.
ಹಲಗೆಗೆ ನಾಲ್ಕು ಹಿತ್ತಾಳೆ ಸ್ಕ್ರೂ.
ದೋಣಿಯ ಬೇರೆಲ್ಲ ಸ್ಕ್ರೂಗಳಿಗೂ ಹಸಿರು ಕಿಲುಬು.
ಈ ನಾಲ್ಕರ ತಲೆ ಮಾತ್ರ ಫಳಫಳ.

ಹಸನಬ್ಬಾಕ ನನ್ನ ಮುಖ ನೋಡಿದರು.
ನಾನು ಸ್ಕ್ರೂ ನೋಡಿದೆ.

ಒಳಗೆ ಎರಡು ಬೆರಳು ಹೋಗುವ ದುಂಡನೆ ತೂತು,
ಬೈರಿಗೆಯಲ್ಲಿ ಕೊರೆದದ್ದು, ನೀಟಾಗಿ.
ಹಲಸಿನ ಮರದ ಬೂಚು.
ಬೂಚಿಗೆ ಸುತ್ತಿದ ನೀಲಿ ಚೌಕಳಿ ಬಟ್ಟೆ,
ಗೇರೆಣ್ಣೆ ಕುಡಿದು ಕುಡಿದು ಚರ್ಮದಂತಾಗಿದೆ.
"ಇಂಜಿನಿನ ಶಾಫ್ಟಿಗೆ ಕೊರೆದದ್ದು" ಅಂದರು ಹಸನಬ್ಬಾಕ,
ನಗಲಿಲ್ಲ, ಬೀಡಿ ಹಚ್ಚಿದರು.
"ಹತ್ತು ಹನ್ನೆರಡು ವರ್ಷ ಆಗಿರಬೇಕು."

ಹತ್ತು ಹನ್ನೆರಡು ವರ್ಷ
ನಾನು ಆರು ಗಂಟೆಗೆ ಬಂದರೆ ಬಾಪ್ಪು ಐದಕ್ಕೇ ಬಂದಿರುತ್ತಿದ್ದ.
ದೋಣಿಯ ಹೊಟ್ಟೆ ಒಣ, ಅವನ ಮೊಣಕೈ ಒದ್ದೆ.
ಮುಖ ತೊಳೆದೆ ಅನ್ನುತ್ತಿದ್ದ.

ವಾರ್ಡಿನಲ್ಲಿ ಗಂಜಿಯ ಹೊತ್ತು.
ಬೂಚು ಸಿಕ್ಕಿತು ಅಂದೆ.
ಬಾಪ್ಪು ಫ್ಯಾನು ನೋಡಿದ. ಫ್ಯಾನು ತಿರುಗುತ್ತಿರಲಿಲ್ಲ.
ಬಹಳ ಹೊತ್ತಿನ ಮೇಲೆ,
"ಎಷ್ಟು ಡಬ್ಬಿ?"
ಎರಡು.
"ನಾನಿರುವಾಗ ಒಂದೂವರೆ.
ನೀನು ಸರಿ ಕಟ್ಟಿಲ್ಲ, ಹೊಯ್ದಾಡಿದೆ ಅದು."
ಆಮೇಲೆ, ಗೋಡೆಗೆ ತಿರುಗಿ,
"ಬೂಚು ಬೇಡ. ಬಟ್ಟೆ ಬದಲಿಸು.
ಬಾಗಿಲ ಹಿಂದೆ ನನ್ನ ಲುಂಗಿ ಉಂಟು."

ಲುಂಗಿಯ ಅಂಚು ಬಿಟ್ಟು ಮೂರು ಬೆರಳಗಲ ಹರಿದೆ,
ಪುಸ್ತಕದ ಬೆನ್ನಿಗೆ ಹರಿಯುವ ಹಾಗೆ, ನೂಲಿನ ಜಾಡು ಹಿಡಿದು.
ಗೇರೆಣ್ಣೆ ಕೈ ಸುಟ್ಟಿತು.
ಇಳಿತದಲ್ಲಿ ಬಡಿದು ಕೂರಿಸಿದೆವು.

ಮರುದಿನ ಅರ್ಧ ಡಬ್ಬಿ.

ಹಸನಬ್ಬಾಕ ಬರುವ ಮೊದಲೇ
ಹೊಳೆಗೆ ಚೆಲ್ಲಿ
ಮುಖ ತೊಳೆದುಕೊಂಡೆ.