ನಾಮಪದದ ಎಡಕ್ಕೆ

ಕಂದಲಾಕ್ಷಾ ರೈಲ್ವೆ ಕ್ಲಬ್ಬಿನ ಎರಡನೇ ಮಹಡಿ.
ಮಂಗಳವಾರ, ಸಂಜೆ ಆರೂವರೆ.
ಸೂರ್ಯ ಒಂದು ವಾರದಿಂದ ಗೈರುಹಾಜರಿ.
ಒಳಗೆ ಏಳು ಜನ, ಒಂಬತ್ತು ಕುರ್ಚಿ, ಒಂದೇ ಹೀಟರು;
ಅದರ ಪಕ್ಕದ ಜಾಗ ಗ್ಲಾಫೀರಾ ತೀಖನೊವ್ನಾಳದು.
ಬಂದರಿನಲ್ಲಿ ಮೂವತ್ತೊಂದು ವರ್ಷ ಕ್ರೇನು ನಡೆಸಿದವಳು.
ಈ ವಯಸ್ಸಿಗೆ ಇಂಗ್ಲಿಷು ಯಾಕೆ ಎಂದು ಕೇಳಿದ್ದೆ ಮೊದಲ ದಿನ.
"ಮಂಗಳವಾರ ಮನೆಯಲ್ಲಿ ತುಂಬಾ ಉದ್ದ" ಎಂದಳು.

ಬೋರ್ಡಿನ ಮೇಲೆ ಬರೆದೆ: ಓಲ್ಡ್.
ಓಲ್ಡ್ ಹೌಸ್. ಓಲ್ಡ್ ಬೋಟ್. ಓಲ್ಡ್ ವಿಂಡೋಸ್.
ನೋಡಿ, ಎಲ್ಲಿಟ್ಟರೂ ಅದೇ ಓಲ್ಡ್.
ಗಂಡೋ ಹೆಣ್ಣೋ ಕೇಳುವುದಿಲ್ಲ,
ಒಂದೋ ಹತ್ತೋ ಎಣಿಸುವುದಿಲ್ಲ.
ನಮ್ಮ ರಷ್ಯನ್ ವಿಶೇಷಣ ಹಾಗಲ್ಲವಲ್ಲ,
ನಾಮಪದ ಏನುಟ್ಟಿದೆ ಎಂದು ಕಿಟಕಿಯಿಂದ ಇಣುಕಿ
ತಾನೂ ಅದೇ ಅಂಚಿನದು ಉಟ್ಟು ಹೊರಡುವಂಥದು:
ಮನೆಯ ಮುಂದೆ ಸ್ತಾರಿ, ದೋಣಿಯ ಮುಂದೆ ಸ್ತಾರಾಯಾ,
ಕಿಟಕಿ ಒಂದಾದರೆ ಸ್ತಾರಯೆ, ನಾಲ್ಕಾರಾದರೆ ಸ್ತಾರಿಯೆ,
ಆಮೇಲೆ ಆರು ವಿಭಕ್ತಿಗೂ ಬೇರೆ ಬೇರೆ ನಮಸ್ಕಾರ.

"ಹಾಗಾದರೆ ಇಂಗ್ಲಿಷಿನದು ಸೋಮಾರಿ" ಎಂದ ಎಲ್ದಾರ್,
ಮೀನುಹಡಗಿನ ಅಡುಗೆಯವ.
"ಅಥವಾ ಯಾರ ಹಂಗೂ ಇಲ್ಲದ್ದು" ಎಂದಳು ತಮೀಲಾ.
ಹಂಗಿಲ್ಲ, ನಿಜ. ಆದರೆ ನಿಲ್ಲುವ ಜಾಗ ಕಟ್ಟುನಿಟ್ಟು.
ಮೊದಲು ಚೆಂದವೋ ಅಲ್ಲವೋ, ಆಮೇಲೆ ಗಾತ್ರ,
ಆಮೇಲೆ ವಯಸ್ಸು, ಬಣ್ಣ, ಹುಟ್ಟೂರು, ಯಾವುದರಿಂದ ಮಾಡಿದ್ದು:
ಮುದ್ದಾದ ಪುಟ್ಟ ಹಳೇ ನೀಲಿ ಫಿನ್ನಿಷ್ ಮರದ
ಜಾರುಬಂಡಿ.
ಒಂದು ಹಿಂದೆ ಮುಂದಾದರೂ ಕಿವಿಗೆ ಕಲ್ಲು ಸಿಕ್ಕ ಹಾಗೆ.
"ಕ್ಯೂ ನಮಗೇನು ಹೊಸದೇ" ಎಂದಳು ಗ್ಲಾಫೀರಾ,
"ಸಕ್ಕರೆಗೆ ನಿಂತವರು ನಾವು."
"ನೀಲಿ ಎಂದರೆ ಯಾವ ನೀಲಿ?" ರದಿಯೋನನ ಪ್ರಶ್ನೆ.
"ಆಕಾಶದ್ದೋ, ಶಾಯಿಯದೋ?"
ಅವರಲ್ಲಿ ಎರಡಕ್ಕೂ ಒಂದೇ, ಬ್ಲೂ.
"ಪಾಪ, ಬಡವರು."

ಐ ಆಮ್ ಕೋಲ್ಡ್ ಎಂದಾಗ ಮಾತ್ರ ಗಲಾಟೆಯಾಯಿತು.
"ನನಗೆ ಚಳಿ ಎನ್ನಿ, ಒಪ್ಪುತ್ತೇನೆ" ಎಂದಳು ಗ್ಲಾಫೀರಾ,
"ಚಳಿ ಹೊರಗಿನಿಂದ ಬರುತ್ತೆ, ಬಂದು ಹೋಗುತ್ತೆ.
ನಾನೇ ಚಳಿಯಾಗಿಬಿಟ್ಟರೆ
ಯಾವ ಹೀಟರು ಏನು ಮಾಡೀತು, ಇರಾಯ್ದಾ ಲ್ವೊವ್ನಾ?"
ನನ್ನ ಹತ್ತಿರ ಉತ್ತರವಿರಲಿಲ್ಲ. ಬೋರ್ಡು ಒರೆಸಿದೆ.

ಮನೆಯವರ ಮೇಲೆ ಒಂದು ವಾಕ್ಯ ಬರೆಯಿರಿ, ಒಂದು ವಿಶೇಷಣ ಸಾಕು.
ಅವಳು ಎದ್ದು ನಿಂತು ಓದಿದಳು:
ಮೈ ಹಸ್ಬೆಂಡ್ ಈಸ್ ಲೇಟ್.

ಮತ್ವೇಯ್ ಹೋಗಿ ನಾಲ್ಕು ವರ್ಷ. ಸಿಗ್ನಲ್ ಕ್ಯಾಬಿನ್ನಿನಲ್ಲಿ,
ಕೈಯಲ್ಲಿ ಚಹಾ ಇದ್ದ ಹಾಗೆಯೇ.
ಇಡೀ ಊರಿಗೆ ಗೊತ್ತು.
ತಿದ್ದುವುದು ನನ್ನ ಕಸುಬು, ತಿದ್ದಿದೆ:
ಲೇಟ್ ಅನ್ನು ಎಡಕ್ಕೆ ತನ್ನಿ, ಹಸ್ಬೆಂಡಿಗಿಂತ ಮುಂಚೆ. ಮೈ ಲೇಟ್ ಹಸ್ಬೆಂಡ್.
ಅಲ್ಲಿದ್ದರೆ ತೀರಿಕೊಂಡವನು.
ನೀವು ಇಟ್ಟಲ್ಲಿ ಇದ್ದರೆ ಬರುವುದು ತಡ, ಅಷ್ಟೇ.

"ಅದೇ ಪದ?"
ಅದೇ ಪದ.
"ಅಕ್ಷರ ಒಂದೂ ಬದಲಾಗದೆ?"
ಒಂದೂ.

ನಾವು ಪಕೋಯ್ನಿ ಎನ್ನುತ್ತೇವೆ, ನೆಮ್ಮದಿಗೆ ಸಂದವನು.
"ನೆಮ್ಮದಿಯೇ!" ನಕ್ಕಳು ಗ್ಲಾಫೀರಾ.
"ಮದುವೆಯ ರಿಜಿಸ್ಟ್ರಿಗೆ ನಲವತ್ತು ನಿಮಿಷ ತಡವಾಗಿ ಬಂದ,
ಒಂದೇ ಕಾಲಿಗೆ ಗಲೋಶು.
ಇಂಗ್ಲಿಷಿನವರಿಗೆ ಅವನ ಗುರುತು ಚೆನ್ನಾಗಿದೆ."
ಎಲ್ದಾರನೂ ನಕ್ಕ, ಆಮೇಲೆ ನಿಲ್ಲಿಸಿದ.
"ನಾನು ಬರೆದದ್ದು ತಪ್ಪೇ?"
ವ್ಯಾಕರಣದಲ್ಲಿ ತಪ್ಪಿಲ್ಲ.
"ಹಾಗಾದರೆ ಇರಲಿ" ಎಂದು ಪುಸ್ತಕ ಮುಚ್ಚಿದಳು.

ಎಂಟಕ್ಕೆ ಹೀಟರು ಆರಿಸಿದೆವು.
ಮೆಟ್ಟಿಲ ಬಳಿ ಅವಳು ಕೋಟು ಹಾಕಿಕೊಳ್ಳುತ್ತಿದ್ದಳು.
ತೋಳು ಉದ್ದ, ಗುಂಡಿ ಬಲಗಡೆ, ಗಂಡಸಿನದು.
ಒಂದೊಂದು ಗುಂಡಿಗೆ ಒಂದೊಂದು, ಕೆಳಗಿನಿಂದ ಮೇಲಕ್ಕೆ,
ಯಾರೂ ಕೇಳದಿದ್ದರೂ ಪಾಠ ಒಪ್ಪಿಸುತ್ತಿದ್ದಳು:
ಬಿಗ್. ಓಲ್ಡ್. ಬ್ಲ್ಯಾಕ್. ವುಲನ್.
ಕ್ರಮ ತಪ್ಪಲಿಲ್ಲ.