ಘಾಟು

ಬ್ಯಾಡಗಿ ಯಾರ್ಡಿನಾಗ ನಮ್ಮವ್ವ
ಮೆಣಸಿನಕಾಯಿ ತೊಟ್ಟು ಮುರೀತಿದ್ಲು,
ಕಿಲೋಕ್ಕ ಇಷ್ಟು ಅಂತ ಕೂಲಿ.
ಸಂಜಿಗೆ ಮನಿಗೆ ಬಂದ್ರ
ಎರಡೂ ಕೈ ಮೈಯಿಂದ ದೂರ ಹಿಡಕೊಂಡು ನಿಂದರತಿದ್ಲು,
ಯಾರದೋ ಕೈ ಕಡಾ ತಂದಾಂಗ.
ಮಜ್ಜಿಗಿ, ಕೊಬ್ರಿ ಎಣ್ಣಿ, ಒಲಿಬೂದಿ,
ಯಾವುದಕ್ಕೂ ಇಳೀತಿದ್ದಿಲ್ಲ ಉರಿ.

ಅದಕ್ಕ ನನ್ನ ಮುಖ ಮುಟ್ಟತಿದ್ದಿಲ್ಲ ಆಕಿ.
ಕೂಸಿದ್ದಾಗ ನನಗ ಕಾಡಿಗಿ ಹಚ್ಚಿದಾಕಿ
ಮಗ್ಗಲ ಮನಿ ಮಾಬುನ್ನಿ ಅಂತ.
ಇದು ನನಗ ಗೊತ್ತಾಗಿದ್ದು ಭಾಳ ತಡಾ.
ಎಂಟನೇತ್ತ ಓದುವಾಗ ನನ್ನ ಲೆಕ್ಕ ಬ್ಯಾರೆ ಇತ್ತು:
ಶೈಲಾನ ಅವ್ವ ಜಡಿ ಹೆಣೀತಾಳ,
ನಮ್ಮವ್ವ ಬಾಚಣಿಕಿ ನೆಲದ ಮ್ಯಾಲೆ ಇಟ್ಟು
“ತಗೋ” ಅಂತಾಳ.

ಅಪ್ಪ ಅಲ್ಲೇ ಹಮಾಲಿ.
ಅಂವ ಹೆಂಗ ಬಂದಾನ ಅನ್ನೂದು
ಸೈಕಲ್ ಸ್ಟ್ಯಾಂಡಿನ ಸಪ್ಪಳದಾಗ ಇರತಿತ್ತು.
ಒಮ್ಮೆ ಟಕ್ ಅಂದ್ರ ಮಾತಾಡಸಬಹುದು.
ಎರಡು ಸಲ ಒದ್ದ ಅಂದ್ರ
ಪುಸ್ತಕ ತಗೊಂಡು ಹಿತ್ತಲಕ್ಕ.
ಗ್ವಾಡಿಗೆ ಒರಗಿಸಿ ಸುಮ್ಮನ ಒಳಗ ಬಂದ ಅಂದ್ರ
ಅದು ಎಲ್ಲಾದಕ್ಕಿಂತ ಕೆಟ್ಟದ್ದು.
ಮಗ್ಗಿ ಬಾಯಿಪಾಠ ಆಗೂದಕ್ಕೂ ಮೊದಲ
ನನಗ ಇದು ಬರತಿತ್ತು.

ಆ ವರ್ಷ ಸಾಲಿ ಹೊತ್ತಾತು ಅಂದ್ರ ಹೊಟ್ಟಿ ನೋಯತಿತ್ತು.
ಜ್ವರ ಇಲ್ಲ, ವಾಂತಿ ಇಲ್ಲ.
ಡಾಕ್ಟರು ಗ್ಯಾಸು ಅಂದ್ರು, ಬಿಳಿ ಗುಳಿಗಿ ಕೊಟ್ರು.
ನಾ ಕುಂತ ಬೆಂಚಿನವರು ಸೀನತಿದ್ರು,
ಖರೇನೋ ನಾಟಕಾನೋ,
ನನ್ನ ಅಂಗಿಯಾಗ ಯಾರ್ಡು ಐತಂತ.
ಬರಬರತಾ ನಾ ಒಬ್ಬಾಕಿನ ಕುಂದರಾಕ ಹತ್ತಿದೆ,
ಕಿಡಿಕಿ ಕಡೆ, ಉಗುರು ಕಡಕೋಂತ.
ಮನಿಯಾಗ ಕೇಳೂ ಮಾತು ಒಂದ: “ಉಂಡಿ?”
“ಹೂಂ.”
ಒಂದು ಹೂಂನಾಗ ಎಷ್ಟು ಹಿಡಸತೈತಿ ಅಂತ
ಚೀಲ ತುಂಬೂ ಹಮಾಲರನ್ನ ಕೇಳಬೇಕು,
ಒಳಗ ಇಳದು ತುಳದು ತುಳದು ತುಂಬೂವರನ್ನ.

ಅವ್ವನೂ ಅಳತಿದ್ಲು.
ಒಲಿ ಮುಂದ, ನಳದ ಮುಂದ.
“ಏನಬೇ?” ಅಂದ್ರ
“ಘಾಟು” ಅಂತಿದ್ಲು.
ನಾನೂ ಕಲತೆ.
ಕಟ್ಟೀಮನಿ ಟೀಚರ್ ಕೇಳಿದ್ರ “ಘಾಟ್ರೀ” ಅಂದೆ.
ಅಪ್ಪ ಕೇಳಲಿಲ್ಲ, ಕೇಳಿದ್ರ ಅಂವಗೂ ಅದನ್ನ ಹೇಳತಿದ್ದೆ.
ನಮ್ಮೂರಾಗ ಅಳಾಕ ಕಾರಣ ಹುಡಕೂದು ಬ್ಯಾಡ,
ಗಾಳಿನ ಕೊಡತೈತಿ.

ಒಂದು ಐತವಾರ.
ಯಾರ್ಡು ಬಂದ್. ರಾತ್ರಿ ಅಡ್ಡಮಳಿ ಬಂದು
ಓಣಿ ಎಲ್ಲಾ ತೊಳದು ಇಟ್ಟಾಂಗ ಇತ್ತು.
ನಾ ಕಾಟಿನ ಹಿಂದ ಕುಂತಿದ್ದೆ.
ಅವ್ವ ಬಂದು ನಿಂತ್ಲು.
“ಯಾಕ?”
“ಘಾಟು.”
ಆಕಿ ಮೂಗು ಎತ್ತಿ ಗಾಳಿ ಎಳಕೊಂಡ್ಲು.
ಬಾಗಲದ ಕಡೆ ನೋಡಿದ್ಲು.
“ಇವತ್ತ ಎಲ್ಲೈತಿ ಘಾಟು?”

ಬೈಲಿಲ್ಲ. ನಗಲಿಲ್ಲ.
ತನ್ನ ಸುಳ್ಳು ನನ್ನ ಬಾಯಾಗ ಕೇಳಿ ಹಂಗ ನಿಂತ್ಲು,
ತನ್ನ ಹಳೇ ಸೀರಿ ನಾ ಉಟಗೊಂಡು
ಎದುರಿಗೆ ಬಂದಾಂಗ.

ಮಗ್ಗಲಕ್ಕ ಕುಂತ್ಲು. ಕೈ ಎತ್ತಿದ್ಲು,
ನೆನಪಾಗಿ ಅರ್ಧಕ್ಕ ತಡದ್ಲು.
ಆಮ್ಯಾಲೆ ತೋಳು ಮಡಚಿ
ಮೊಣಕೈ ಒಳಗಿನ ಮೆತ್ತನ ಜಾಗಾದಿಂದ
ನನ್ನ ಕಣ್ಣು ಒರಸಿದ್ಲು, ಮೊದಲ ಒಂದು, ತಡಾದ ಮ್ಯಾಲೆ ಇನ್ನೊಂದು.
ಆಕಿ ಮೈಯಾಗ ಖಾರ ಮುಟ್ಟದ್ದು
ಅಷ್ಟ ಜಾಗಾ ಉಳದಿತ್ತೇನೋ.

“ಹೇಳು” ಅಂದ್ಲು.
ಉಂಡಿ ಅನ್ನಲಿಲ್ಲ.
ಎಲ್ಲಿಂದ ಸುರು ಮಾಡಬೇಕು ತಿಳೀಲಿಲ್ಲ,
ಬೆಂಚಿನಿಂದ ಸುರು ಮಾಡಿದೆ.
ಅಷ್ಟರಾಗ ಹೊರಗ ಸೈಕಲ್ ಬಂತು.
ನನ್ನ ಮಾತು ನಿಂತು, ಕಿವಿ ಎದ್ದುವು.
ಅವ್ವ ಬಾಗಲದ ಕಡೆ ತಿರಗಲಿಲ್ಲ.
“ಅದಿರಲಿ,” ಅಂದ್ಲು,
“ನೀ ಹೇಳು.”